ಅಲಕನಂದಾ ಮತ್ತು ನಾನು ಗದರಿಸಿದ ಒಂದು ಪ್ರಶ್ನೆ

2025ರ ಡಿಸೆಂಬರ್ ತಿಂಗಳ ಮೊದಲ ವಾರ. ಜಮಖಂಡಿಯಲ್ಲಿ ಫಜ್ರ್ ನಮಾಝ್ ಮುಗಿಸಿ ಮಸೀದಿಯ ಕಟ್ಟೆಯ ಮೇಲೆ ಪತ್ರಿಕೆ ಓದುತ್ತ ಕುಳಿತಿದ್ದೆ. ಕಬ್ಬಿನ ಹಂಗಾಮಿನ ದಿನಗಳು. ಕಾರ್ಖಾನೆಯ ಕಡೆಗೆ ಸಾಗುವ ಟ್ರ್ಯಾಕ್ಟರುಗಳ ಸದ್ದು ರಸ್ತೆಯಲ್ಲಿ ನಿಲ್ಲದೆ ಕೇಳುತ್ತಿತ್ತು. ಒಳಪುಟದ ಒಂದು ಸುದ್ದಿ ನನ್ನನ್ನು ತಡೆದು ನಿಲ್ಲಿಸಿತು. ಪುಣೆಯ ರಾಷ್ಟ್ರೀಯ ರೇಡಿಯೊ ಖಗೋಳ ಭೌತವಿಜ್ಞಾನ ಕೇಂದ್ರದ ಸಂಶೋಧಕಿ ರಾಶಿ ಜೈನ್ ಮತ್ತು ಅವರ ಮಾರ್ಗದರ್ಶಕ ಯೋಗೇಶ್ ವಾಡದೇಕರ್ ಅವರು ಅತಿ ದೂರದ ಒಂದು ಸುರುಳಿ ಗ್ಯಾಲಕ್ಸಿಯನ್ನು ಗುರುತಿಸಿದ್ದಾರೆ. ಅದರ ಬೆಳಕು ನಮ್ಮನ್ನು ತಲುಪಲು ಸುಮಾರು 1200 ಕೋಟಿ ವರ್ಷಗಳನ್ನು ತೆಗೆದುಕೊಂಡಿದೆ. ಅದಕ್ಕೆ ಅವರು ‘ಅಲಕನಂದಾ’ ಎಂದು ಹೆಸರಿಟ್ಟಿದ್ದಾರೆ.

ಸುದ್ದಿಯನ್ನು ಓದಿ ‘ಸುಬ್‌ಹಾನಲ್ಲಾಹ್’ ಎಂದೆ. ಆದರೆ ಮರುಕ್ಷಣವೇ ನನ್ನ ಮನಸ್ಸಿಗೆ ಬಂದದ್ದು ಆಕಾಶವಲ್ಲ, ಒಬ್ಬ ಹುಡುಗನ ಮುಖ.

ಅದು 2008ರ ಮಾತು. ಆಗ ನಾನು ಬನಹಟ್ಟಿಯ ಒಂದು ಮಕ್ತಬ್‌ನಲ್ಲಿ ಸಂಜೆ ಪಾಠ ಹೇಳುತ್ತಿದ್ದೆ. ಮದ್ರಸಾದಿಂದ ಹೊರಬಂದು ಕೆಲವೇ ವರ್ಷಗಳಾಗಿದ್ದವು. ಕಲಿತದ್ದರ ಬಗ್ಗೆ ಹೆಮ್ಮೆ ಇತ್ತು, ಕಲಿಯದೆ ಉಳಿದದ್ದರ ಅರಿವು ಇರಲಿಲ್ಲ. ನೇಕಾರರ ಮನೆಯ ಒಬ್ಬ ಹುಡುಗ, ಹದಿಮೂರರ ಪ್ರಾಯದವನು, ಒಂದು ಸಂಜೆ ಎದ್ದು ನಿಂತು ಕೇಳಿದ: “ಹಜರತ್, ಚುಕ್ಕಿ ಬೆಳಕು ಇಲ್ಲಿಗೆ ಬರಾಕ ಲಕ್ಷಗಟ್ಟಲೆ ವರ್ಷ ಬೇಕಂತ ಸಾಲಿ ಒಳಗ ಹೇಳ್ಯಾರ. ಹಂಗಾದ್ರ ಅಲ್ಲಾಹ್ ಈ ದುನಿಯಾ ಮಾಡಿ ಎಷ್ಟು ವರ್ಷ ಆತ್ರಿ?”

ನನಗೆ ಉತ್ತರ ತಿಳಿದಿರಲಿಲ್ಲ. ತಿಳಿದಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. ಇಂತಹ ಪ್ರಶ್ನೆಗಳು ಶೈತಾನನ ದುರ್ಬೋಧನೆಗಳೆಂದೂ ಈಮಾನ್ ಉಳ್ಳವನು ಇವನ್ನು ಕೇಳಲಾರನೆಂದೂ ಇಡೀ ತರಗತಿಯ ಮುಂದೆ ಗದರಿಸಿದೆ. ಉಳಿದ ಮಕ್ಕಳು ನಕ್ಕರು. ಅವನು ತಲೆ ತಗ್ಗಿಸಿ ಕುಳಿತ. ಆ ವರ್ಷ ಅವನು ಮತ್ತೆ ಏನನ್ನೂ ಕೇಳಲಿಲ್ಲ. ಮುಂದಿನ ರಮಝಾನಿನ ಬಳಿಕ ಮಕ್ತಬ್‌ಗೆ ಬರುವುದನ್ನೇ ಬಿಟ್ಟ. ಎರಡು ವರ್ಷಗಳ ತರುವಾಯ ಶಾಲೆಯನ್ನೂ ಬಿಟ್ಟು ಪಾವರ್‌ಲೂಮ್ ಕೆಲಸಕ್ಕೆ ಸೇರಿದನೆಂದು ಕೇಳಿದೆ. ಶಾಲೆ ಬಿಡಲು ಮನೆಯ ಬಡತನ ಕಾರಣವಾಗಿರಬಹುದು; ಆದರೆ ಮಕ್ತಬ್ ಬಿಡಲು ಕಾರಣ ನಾನು. ಹದಿನೇಳು ವರ್ಷಗಳ ಕಾಲ ಈ ವಿಷಯವನ್ನು ನಾನು ಯಾರೊಡನೆಯೂ ಹೇಳಿರಲಿಲ್ಲ.

ಆ ದಿನ ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗಲಾದರೂ ಸಿದ್ಧಪಡಿಸಬೇಕೆಂದು ನಿರ್ಧರಿಸಿ, ಆ ಗ್ಯಾಲಕ್ಸಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ತಿಳಿದುಕೊಂಡದ್ದನ್ನು ಪ್ರಿಯ ಓದುಗರಿಗೂ ಸರಳವಾಗಿ ಹೇಳುತ್ತೇನೆ.

ದೂರದ ಹೊಲದಲ್ಲಿ ಒಬ್ಬನು ಕಲ್ಲು ಒಡೆಯುತ್ತಿದ್ದರೆ ಸುತ್ತಿಗೆ ಬೀಳುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ. ಸದ್ದಿಗೆ ನಮ್ಮವರೆಗೆ ಬರಲು ಸಮಯ ಬೇಕು. ಬೆಳಕಿಗೂ ಹಾಗೆಯೇ. ಅದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಸೂರ್ಯನಿಂದ ನಮ್ಮವರೆಗೆ ಬರಲು ಅದಕ್ಕೆ ಸುಮಾರು 8 ನಿಮಿಷ 20 ಸೆಕೆಂಡು ಬೇಕು. ಅಂದರೆ ನಾವು ನೋಡುವುದು ಯಾವಾಗಲೂ ಎಂಟು ನಿಮಿಷ ಹಿಂದಿನ ಸೂರ್ಯನನ್ನು. ನೋಟ ದೂರ ಸಾಗಿದಷ್ಟೂ ಕಾಣುವ ದೃಶ್ಯ ಹಳೆಯದಾಗುತ್ತ ಹೋಗುತ್ತದೆ. ವಿಜ್ಞಾನಿಗಳ ಲೆಕ್ಕದಲ್ಲಿ ವಿಶ್ವದ ಪ್ರಾಯ ಸುಮಾರು 1380 ಕೋಟಿ ವರ್ಷ. ಅಲಕನಂದಾದಿಂದ ಈಗ ನಮಗೆ ತಲುಪಿದ ಬೆಳಕು ಹೊರಟಾಗ ವಿಶ್ವಕ್ಕೆ ಕೇವಲ 150 ಕೋಟಿ ವರ್ಷ ಪ್ರಾಯ. ಆಗ ನಮ್ಮ ಸೂರ್ಯನೂ ಇರಲಿಲ್ಲ, ಈ ಭೂಮಿಯೂ ಇರಲಿಲ್ಲ.

ಆ ಬೆಳಕನ್ನು ಸೆರೆಹಿಡಿದದ್ದು 2021ರ ಡಿಸೆಂಬರ್ 25ರಂದು ಉಡಾವಣೆಯಾದ ಜೇಮ್ಸ್ ವೆಬ್ ದೂರದರ್ಶಕ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆಗಿರುವ ಅದರ ಕನ್ನಡಿಯ ಅಗಲ 6.5 ಮೀಟರ್. ವಿಶ್ವ ಹಿಗ್ಗುತ್ತಿರುವುದರಿಂದ ಹಳೆಯ ಬೆಳಕಿನ ಅಲೆಗಳೂ ಹಿಗ್ಗಿ, ಕಣ್ಣಿಗೆ ಕಾಣದ ಅತಿಗೆಂಪು ಕಿರಣಗಳಾಗಿ ಬರುತ್ತವೆ. ವೆಬ್ ಆ ಕಿರಣಗಳನ್ನು ಕಾಣಬಲ್ಲುದು. ಇದರ ಜೊತೆಗೆ ಇನ್ನೊಂದು ಸಹಾಯವೂ ಒದಗಿತು. ಅಲಕನಂದಾದ ಮುಂದೆ, ನಮಗೂ ಅದಕ್ಕೂ ನಡುವೆ, ಏಬಲ್ 2744 ಎಂಬ ಗ್ಯಾಲಕ್ಸಿಗಳ ಬೃಹತ್ ಗುಂಪು ಇದೆ. ಅದರ ಗುರುತ್ವವು ಹಿಂದಿನಿಂದ ಬರುವ ಬೆಳಕನ್ನು ಬಾಗಿಸಿ ಭೂತಗನ್ನಡಿಯಂತೆ ಕೆಲಸ ಮಾಡುತ್ತದೆ. ಹೀಗಾಗಿ ಅಲಕನಂದಾ ಸುಮಾರು ಎರಡು ಪಟ್ಟು ಹೆಚ್ಚು ಪ್ರಕಾಶಮಾನವಾಗಿ ಕಂಡಿತು.

ವೆಬ್ ದಾಖಲಿಸಿದ ಸುಮಾರು 70,000 ಆಕಾಶಕಾಯಗಳ ಮಾಹಿತಿಯನ್ನು ರಾಶಿ ಜೈನ್ ಜಾಲಾಡಿದರು. ಅವುಗಳ ನಡುವೆ ಒಂದೇ ಒಂದು ಹೀಗೆ ಕಂಡಿತು: ನಡುವೆ ಹೊಳೆಯುವ ಕೇಂದ್ರ, ಅದನ್ನು ಸುತ್ತುವರಿದ ಎರಡು ಸಮತೋಲನದ ಸುರುಳಿ ಬಾಹುಗಳು, ಬಾಹುಗಳ ಉದ್ದಕ್ಕೂ ದಾರದಲ್ಲಿ ಪೋಣಿಸಿದ ತಸ್ಬೀಹ್ ಮಣಿಗಳಂತೆ ನಕ್ಷತ್ರಗಳು ಹುಟ್ಟುತ್ತಿರುವ ತಾಣಗಳು. ಅದರ ಅಗಲ ಸುಮಾರು 30,000 ಜ್ಯೋತಿರ್ವರ್ಷ. ಅದರಲ್ಲಿರುವ ನಕ್ಷತ್ರಗಳ ಒಟ್ಟು ದ್ರವ್ಯರಾಶಿ ಸುಮಾರು 1000 ಕೋಟಿ ಸೂರ್ಯರಷ್ಟು. ವರ್ಷಕ್ಕೆ ಸುಮಾರು 60 ಸೂರ್ಯರಷ್ಟು ಹೊಸ ನಕ್ಷತ್ರಗಳು ಅಲ್ಲಿ ರೂಪುಗೊಳ್ಳುತ್ತಿದ್ದವು. ಇದು ನಮ್ಮ ಕ್ಷೀರಪಥದ ಇಂದಿನ ವೇಗದ ಇಪ್ಪತ್ತು ಪಟ್ಟಿಗೂ ಹೆಚ್ಚು. ಹಿಂದಿಯಲ್ಲಿ ಕ್ಷೀರಪಥಕ್ಕೆ ಮಂದಾಕಿನಿ ಎಂಬ ಹೆಸರಿದೆ. ಹಿಮಾಲಯದಲ್ಲಿ ಮಂದಾಕಿನಿಯ ಸೋದರಿಯಂತೆ ಹರಿಯುವ ನದಿ ಅಲಕನಂದಾ. ನಮ್ಮ ಗ್ಯಾಲಕ್ಸಿಯನ್ನು ಹೋಲುವ ದೂರದ ಗ್ಯಾಲಕ್ಸಿಗೆ ಆ ಹೆಸರು ಬಂದದ್ದು ಹೀಗೆ.

ವಿಜ್ಞಾನಿಗಳು ಬೆರಗಾದದ್ದು ಅದರ ದೂರಕ್ಕಿಂತಲೂ ಅದರ ಅಚ್ಚುಕಟ್ಟಿಗೆ. ವಿಶ್ವದ ಬಾಲ್ಯದಲ್ಲಿ ಗ್ಯಾಲಕ್ಸಿಗಳು ಅಸ್ತವ್ಯಸ್ತವಾಗಿದ್ದವು, ಇಂತಹ ಸುವ್ಯವಸ್ಥಿತ ಸುರುಳಿ ಮೂಡಲು ನೂರಾರು ಕೋಟಿ ವರ್ಷಗಳು ಬೇಕು ಎಂದು ಅವರು ಎಣಿಸಿದ್ದರು. ಅಲಕನಂದಾ ಆ ಎಣಿಕೆಯನ್ನು ಪ್ರಶ್ನಿಸಿತು.

ಎರಡು ವರ್ಷ ಮುಂಚೆ ಇನ್ನೊಂದು ಗ್ಯಾಲಕ್ಸಿಯೂ ಹೀಗೆಯೇ ಮಾಡಿತ್ತು. ಕೆಲವು ಸುರುಳಿ ಗ್ಯಾಲಕ್ಸಿಗಳ ನಡುವೆ ನಕ್ಷತ್ರಗಳದೇ ಒಂದು ಉದ್ದನೆಯ ದಂಡವಿರುತ್ತದೆ. ಬಾಹುಗಳು ಆ ದಂಡದ ಎರಡು ತುದಿಗಳಿಂದ ಹೊರಡುತ್ತವೆ. ಮಗ್ಗದ ಬೀಮಿನ ಎರಡು ತುದಿಗಳಿಂದ ನೂಲು ಸುತ್ತಿ ಹೊರಟಂತೆ ಎಂದು ನಮ್ಮ ಭಾಗದವರಿಗೆ ಹೇಳಬಹುದು. 1918ರಲ್ಲಿ ಹೀಬರ್ ಕರ್ಟಿಸ್ ಎಂಬ ಅಮೆರಿಕದ ಖಗೋಳಜ್ಞರು ಇಂತಹವನ್ನು ಪ್ರತ್ಯೇಕ ಬಗೆಯೆಂದು ಗುರುತಿಸಿದ್ದರು. ನಮ್ಮ ಕ್ಷೀರಪಥವೂ ದಂಡವುಳ್ಳ ಸುರುಳಿಯೇ. ಗ್ಯಾಲಕ್ಸಿಯ ತಟ್ಟೆ ಶಾಂತವಾಗಿ ನೆಲೆಗೊಂಡ ಬಳಿಕ ನಕ್ಷತ್ರಗಳ ಪಥಗಳು ನೀಳವಾಗಿ ಒಂದೇ ದಿಕ್ಕಿಗೆ ಹೊಂದಿಕೊಂಡಾಗ ದಂಡ ಮೂಡುತ್ತದೆ; ಅದು ಅನಿಲವನ್ನು ಕೇಂದ್ರದ ಕಡೆಗೆ ಹರಿಸುತ್ತದೆ. ಆದ್ದರಿಂದ ದಂಡವೆಂದರೆ ಪ್ರೌಢತೆಯ ಗುರುತು, ವಿಶ್ವದ ಬಾಲ್ಯದಲ್ಲಿ ಅದು ಸಿಗಲಾರದು ಎಂಬ ಅಭಿಪ್ರಾಯವಿತ್ತು. 2023ರ ನವೆಂಬರಿನಲ್ಲಿ ಸ್ಪೇನಿನ ಲೂಕಾ ಕೊಸ್ಟಾಂಟಿನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಸೀಅರ್ಸ್-2112 ಎಂಬ ದಂಡಯುಕ್ತ ಸುರುಳಿ ಗ್ಯಾಲಕ್ಸಿಯ ಬಗ್ಗೆ ಬರೆದರು. ಅದರ ಬೆಳಕು ಹೊರಟಾಗ ವಿಶ್ವಕ್ಕೆ ಸುಮಾರು 210 ಕೋಟಿ ವರ್ಷ ಮಾತ್ರ ಪ್ರಾಯ. ಪುಸ್ತಕದಲ್ಲಿದ್ದ ಅಭಿಪ್ರಾಯವನ್ನು ತಿದ್ದಬೇಕಾಯಿತು. ನಾವು ಎಣಿಸಿದ್ದು ಸರಿಯಲ್ಲ, ಇದು ಹೇಗಾಯಿತೆಂದು ಇನ್ನೂ ತಿಳಿಯಬೇಕಾಗಿದೆ ಎಂದು ವಿಜ್ಞಾನಿಗಳು ನಾಚಿಕೆಯಿಲ್ಲದೆ ಒಪ್ಪಿಕೊಂಡರು.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಜಗತ್ತಿನ ದೊಡ್ಡ ವಿದ್ವಾಂಸರು ಎಲ್ಲರ ಎದುರಿಗೆ ಹೇಳಿದ ಒಂದು ಮಾತನ್ನು ನಾನು ಇಪ್ಪತ್ತು ಮಕ್ಕಳ ಎದುರಿಗೆ ಹೇಳಲಾರದೆ ಹೋದೆ.

ಆ ಮಾತು ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಇಮಾಮ್ ಮಾಲಿಕ್(ರಹ್) ಅವರಲ್ಲಿ ಒಮ್ಮೆ ನಲವತ್ತೆಂಟು ಪ್ರಶ್ನೆಗಳನ್ನು ಕೇಳಲಾಯಿತೆಂದೂ ಅವುಗಳಲ್ಲಿ ಮೂವತ್ತೆರಡಕ್ಕೆ ಅವರು ತಮಗೆ ತಿಳಿಯದೆಂದು ಉತ್ತರಿಸಿದರೆಂದೂ ವರದಿಯಾಗಿದೆ. ನಮ್ಮ ಉಲಮಾಗಳು ಫತ್ವಾದ ಕೊನೆಯಲ್ಲಿ ‘ವಲ್ಲಾಹು ಅಅ್‌ಲಮ್’ ಎಂದು ಬರೆಯುತ್ತಾರೆ: ಅಲ್ಲಾಹನೇ ಚೆನ್ನಾಗಿ ಬಲ್ಲವನು. ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದೆಂದೂ ಕಿವಿ, ಕಣ್ಣು, ಹೃದಯಗಳೆಲ್ಲ ಪ್ರಶ್ನಿಸಲ್ಪಡುವುವೆಂದೂ ಪವಿತ್ರ ಕುರ್‌ಆನ್ ಸೂರಃ ಅಲ್ ಇಸ್ರಾದಲ್ಲಿ (17:36) ಎಚ್ಚರಿಸುತ್ತದೆ. ಆ ವಚನ ನನಗೆ ಬಾಲ್ಯದಿಂದಲೂ ಕಂಠಪಾಠ. ನಾಲಗೆಗೆ ಬರುತ್ತಿತ್ತು, ನಡತೆಗೆ ಬಂದಿರಲಿಲ್ಲ.

ಹುಡುಗನ ಪ್ರಶ್ನೆಯಾದರೂ ಏನು? ಜಗತ್ತು ಸೃಷ್ಟಿಯಾಗಿ ಎಷ್ಟು ವರ್ಷವಾಯಿತು ಎಂಬುದು. ಕುರ್‌ಆನ್ ಎಲ್ಲಿಯೂ ಆ ಲೆಕ್ಕವನ್ನು ಕೊಟ್ಟಿಲ್ಲ. ಆರು ದಿನಗಳ ಪ್ರಸ್ತಾಪವಿದೆ. ಆದರೆ ಅಲ್ಲಾಹನ ಬಳಿಯ ಒಂದು ದಿನ ನಮ್ಮ ಎಣಿಕೆಯ ಸಾವಿರ ವರ್ಷಗಳಿಗೆ ಸಮವೆಂದು ಸೂರಃ ಅಲ್ ಹಜ್ಜ್‌ನಲ್ಲಿಯೂ (22:47), ಐವತ್ತು ಸಾವಿರ ವರ್ಷಗಳ ಒಂದು ದಿನದ ಬಗ್ಗೆ ಸೂರಃ ಅಲ್ ಮಆರಿಜ್‌ನಲ್ಲಿಯೂ (70:4) ಹೇಳಲಾಗಿದೆ. ನಮ್ಮ ಗಡಿಯಾರದಿಂದ ಅವನ ದಿನವನ್ನು ಅಳೆಯಲಾಗದು. ‘ಮಗು, ಅಲ್ಲಾಹನು ವರ್ಷ ಹೇಳಿಲ್ಲ; ನೋಡಿ ಚಿಂತಿಸಿರಿ ಎಂದಿದ್ದಾನೆ. ನೀನು ಓದಿ ತಿಳಿದು ಬಂದು ನನಗೂ ಹೇಳು’ ಎಂದಿದ್ದರೆ ಸಾಕಾಗಿತ್ತು. ಈಮಾನಿಗೆ ಯಾವ ಕುಂದೂ ಬರುತ್ತಿರಲಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಅಲಕನಂದಾದ ಸುದ್ದಿ ಬಂದ ಕೆಲವೇ ದಿನಗಳಲ್ಲಿ ನನ್ನ ಮೊಬೈಲಿಗೆ ಒಂದು ಸಂದೇಶ ಬಂತು: ಇದೆಲ್ಲವೂ ಸಾವಿರದ ನಾನೂರು ವರ್ಷಗಳ ಹಿಂದೆಯೇ ಕುರ್‌ಆನಿನಲ್ಲಿದೆ, ವಿಜ್ಞಾನಿಗಳು ಈಗ ಒಪ್ಪಿದ್ದಾರೆ, ಎಲ್ಲರಿಗೂ ಕಳುಹಿಸಿ ಎಂದು. ಕಳುಹಿಸಿದವರ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೆ ಯೋಚಿಸಿರಿ: ದಂಡವುಳ್ಳ ಗ್ಯಾಲಕ್ಸಿಗಳು ವಿಶ್ವದ ಬಾಲ್ಯದಲ್ಲಿ ಇರಲಾರವೆಂಬ ಹಳೆಯ ಅಭಿಪ್ರಾಯಕ್ಕೆ ಯಾರಾದರೂ ಒಂದು ಆಯತ್ತನ್ನು ಗಂಟು ಹಾಕಿದ್ದರೆ, 2023ರಲ್ಲಿ ಅವರ ಗತಿ ಏನಾಗುತ್ತಿತ್ತು? ಬದಲಾಗುವುದು ವಿಜ್ಞಾನದ ಧರ್ಮ. ಬದಲಾಗದ ವಚನವನ್ನು ಬದಲಾಗುವ ಸಿದ್ಧಾಂತದ ಆಸರೆಯಲ್ಲಿ ನಿಲ್ಲಿಸುವುದು ವಚನಕ್ಕೆ ಸಲ್ಲಿಸುವ ಗೌರವವಲ್ಲ.

ಈ ವಿಷಯದಲ್ಲಿ ನಮಗೆ ಪ್ರವಾದಿ ಮುಹಮ್ಮದ್(ಸ) ಅವರ ಮಾದರಿಯೇ ಇದೆ. ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಮಗುವಿನ ಮರಣಕ್ಕಾಗಿಯೇ ಸೂರ್ಯ ಕಪ್ಪಾಯಿತೆಂದು ಜನರು ಆಡಿಕೊಂಡರು. ಪ್ರವಾದಿ(ಸ) ಮೌನವಾಗಿದ್ದರೂ ಸಾಕಾಗಿತ್ತು. ಜನರ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಆದರೆ ಆ ದುಃಖದ ನಡುವೆಯೂ ಅವರು, ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಮರಣಕ್ಕಾಗಲಿ ಜನನಕ್ಕಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದು ತಿಳಿಸಿ ನಮಾಝಿಗೆ ಕರೆದರು. ತಮ್ಮ ಪರವಾಗಿ ಬಂದ ತಪ್ಪು ಪುರಾವೆಯನ್ನೂ ಸ್ವೀಕರಿಸದ ಪ್ರವಾದಿಯ(ಸ) ಉಮ್ಮತ್ತು ನಾವು. ಹೌದೋ ಅಲ್ಲವೋ ಎಂದು ನೋಡದೆ ಸಂದೇಶಗಳನ್ನು ಹಂಚುವುದು ನಮಗೆ ಶೋಭಿಸುತ್ತದೆಯೇ?

ನಮ್ಮ ಪೂರ್ವಿಕರು ಆಕಾಶವನ್ನು ಹೀಗೆ ನೋಡಿರಲಿಲ್ಲ. ಅಬ್ದುರ‍್ರಹ್ಮಾನ್ ಅಸ್ಸೂಫಿ ಎಂಬವರು ಇಸ್ಫಹಾನಿನಲ್ಲಿ ರಾತ್ರಿಗಳನ್ನು ಕಳೆದು 964ರಲ್ಲಿ ಸ್ಥಿರ ನಕ್ಷತ್ರಗಳ ಗ್ರಂಥವನ್ನು ರಚಿಸಿದರು. ಒಂದೆಡೆ ಒಂದು ಸಣ್ಣ ಮೋಡವಿರುವುದನ್ನು ಅವರು ಗುರುತು ಮಾಡಿಟ್ಟರು. ಅದೇನೆಂದು ಅವರಿಗೆ ತಿಳಿದಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದರು. ಆ ಮೋಡ ಇನ್ನೊಂದು ಗ್ಯಾಲಕ್ಸಿ, ಆಂಡ್ರೊಮಿಡಾ, ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ್ದು ಎಂಬುದು ಸ್ಪಷ್ಟವಾಗಲು ಇಪ್ಪತ್ತನೆಯ ಶತಮಾನದ ಎಡ್ವಿನ್ ಹಬಲ್ ಬರಬೇಕಾಯಿತು. ನಮ್ಮ ಮುಧೋಳ, ಬೀಳಗಿಯ ರೈತರು ರೋಹಿಣಿ ಮಳೆಯ ದಾರಿ ಕಾಯುತ್ತಾರಲ್ಲ, ಆ ರೋಹಿಣಿ ನಕ್ಷತ್ರಕ್ಕೆ ಜಗತ್ತೆಲ್ಲ ಇಂದು ಆಲ್ಡೆಬರಾನ್ ಎನ್ನುತ್ತದೆ. ಅದು ‘ಅದ್ದಬರಾನ್’ ಎಂಬ ಅರಬಿ ಪದ, ಹಿಂಬಾಲಿಸುವುದು ಎಂದರ್ಥ. ಕೃತ್ತಿಕೆಯ ಹಿಂದೆ ಅದು ಸಾಗುವುದನ್ನು ಕಂಡವರು ಇಟ್ಟ ಹೆಸರು. ನೋಡುವುದು ಅವರಿಗೆ ಇಬಾದತ್ತಿನ ಹೊರಗಿನ ಕೆಲಸವಾಗಿರಲಿಲ್ಲ.

ಆಕಾಶ ಭೂಮಿಗಳ ಸೃಷ್ಟಿಯಲ್ಲಿಯೂ ರಾತ್ರಿ ಹಗಲುಗಳ ಬದಲಾವಣೆಯಲ್ಲಿಯೂ ಬುದ್ಧಿವಂತರಿಗೆ ದೃಷ್ಟಾಂತಗಳಿವೆಯೆಂದು ಸಾರುವ ಸೂರಃ ಆಲಿ ಇಮ್ರಾನಿನ ವಚನಗಳು (3:190-191) ಅವತೀರ್ಣವಾದ ರಾತ್ರಿ ಪ್ರವಾದಿ(ಸ) ನಮಾಝಿನಲ್ಲಿ ಗಡ್ಡ ತೋಯುವಷ್ಟು ಅತ್ತರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಫಜ್ರ್‌ಗೆ ಕರೆಯಲು ಬಂದ ಬಿಲಾಲ್(ರ) ಕಾರಣ ಕೇಳಿದಾಗ, ಈ ವಚನಗಳನ್ನು ಓದಿಯೂ ಚಿಂತಿಸದವನಿಗೆ ನಾಶವಿದೆ ಎಂದರಂತೆ. ಚಿಂತಿಸಿದ ಒಬ್ಬ ಮಗುವನ್ನು ನಾನು ಗದರಿಸಿದ್ದೆ.

ಜನವರಿಯ ಒಂದು ಶುಕ್ರವಾರ, ಜುಮಾ ಮುಗಿಸಿ ಬಸ್ಸು ಹತ್ತಿ ಬನಹಟ್ಟಿಗೆ ಹೋದೆ. ಕಿಸೆಯಲ್ಲಿ ಆ ಪತ್ರಿಕೆಯ ತುಣುಕಿತ್ತು. ವಿಚಾರಿಸುತ್ತ ಹೋಗಿ ಅವನು ಕೆಲಸ ಮಾಡುವ ಶೆಡ್ಡನ್ನು ಕಂಡುಹಿಡಿದೆ. ಮಗ್ಗಗಳ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಅವನು ನನ್ನನ್ನು ಕಂಡು ಗುರುತಿಸಿ, ಮಗ್ಗ ನಿಲ್ಲಿಸಿ, ಕೈ ಒರೆಸಿಕೊಂಡು ಹೊರಗೆ ಬಂದು ಸಲಾಮ್ ಹೇಳಿದ. ಈಗ ಮೂವತ್ತು ದಾಟಿದವನು. ತಲೆಗೂದಲಿನ ಮೇಲೆ ಹತ್ತಿಯ ಎಳೆಗಳು.

ಬೇವಿನ ಮರದಡಿ ನಿಂತು ನಾನು ಬಂದ ಕಾರಣವನ್ನು ಹೇಳಿದೆ. ಅಂದು ನನಗೆ ಉತ್ತರ ತಿಳಿದಿರಲಿಲ್ಲ, ಅದನ್ನು ಮುಚ್ಚಿಕೊಳ್ಳಲು ನಿನ್ನನ್ನು ಅವಮಾನಿಸಿದೆ, ನನ್ನನ್ನು ಕ್ಷಮಿಸು ಎಂದೆ. ಅವನು ಮುಜುಗರದಿಂದ ನೆಲ ನೋಡಿದ. “ಅದೇನ್ ದೊಡ್ಡ ಮಾತ್ರಿ ಹಜರತ್, ಬಿಡ್ರಿ. ಆಗ ನಾ ಸಣ್ಣವ ಇದ್ನಿ,” ಎಂದ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲನೆ ಸೇರಿಸಿದ: “ಈಗ ನಾ ಏನೂ ಕೇಳೂದಿಲ್ರಿ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಅವನು ಕ್ಷಮಿಸಿದ, ಆದರೆ ನನ್ನಿಂದ ಕಳೆದುಹೋದದ್ದನ್ನು ಅವನ ಕ್ಷಮೆ ಮರಳಿಸಲಾರದು.

ಒತ್ತಾಯ ಮಾಡಿ ಚಹಾಕ್ಕೆ ಮನೆಗೆ ಕರೆದೊಯ್ದ. ನಾಲ್ಕನೆಯ ತರಗತಿಯ ಮಗಳು ಬಾಗಿಲಲ್ಲಿದ್ದಳು. “ಇಕೀನ್ನ ಮಕ್ತಬ್‌ಗೆ ಹಾಕಬೇಕಂತೀನ್ರಿ,” ಎಂದ. “ಭಾಳ ಪ್ರಶ್ನೆ ಕೇಳ್ತಾಳ್ರಿ ಹಜರತ್. ಅಲ್ಲಿಯವರಿಗೆ ಒಂದ್ ಮಾತು ಹೇಳ್ರಿ, ಬೈಬ್ಯಾಡ್ರಿ ಅಂತ.”

ನಾನು ಪತ್ರಿಕೆಯ ತುಣುಕನ್ನು ಆ ಮಗುವಿನ ಕೈಗೆ ಕೊಟ್ಟೆ. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಚಿತ್ರವನ್ನು ಬಹಳ ಹೊತ್ತು ನೋಡಿದಳು. ಬೆಳಕು ತಡವಾಗಿ ಬರುವ ಸಂಗತಿಯನ್ನು ಕಲ್ಲು ಒಡೆಯುವವನ ಉದಾಹರಣೆಯಿಂದ ಹೇಳಿದೆ. ಕೂಡಲೇ ತಲೆಯೆತ್ತಿ ಕೇಳಿದಳು: “ಹಂಗಾದ್ರ ಅದು ಈಗೂ ಅಲ್ಲೇ ಐತೇನ್ರಿ?”

ಅವಳ ತಂದೆ ಚಹಾದ ಲೋಟ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ.

“ನನಗ ಗೊತ್ತಿಲ್ಲ ಬೇಟಿ,” ಎಂದೆ. “ಅದನ್ನ ಕಂಡುಹಿಡದವರಿಗೂ ಗೊತ್ತಿಲ್ಲ. ಅದರ ಇವತ್ತಿನ ಬೆಳಕು ಇನ್ನೂ ನಮ್ಮ ತನಕ ಬಂದೇ ಇಲ್ಲ. ಅಲ್ಲಾಹನಿಗೆ ಗೊತ್ತು. ನೀ ಓದಿ ದೊಡ್ಡಾಕಿ ಆಗು, ತಿಳಿದಷ್ಟು ನನಗೂ ಹೇಳು.”

ಅವಳು ತಲೆಯಾಡಿಸಿ, ಆ ತುಣುಕನ್ನು ಮಡಚಿ ತನ್ನ ಪಾಠಿಚೀಲದಲ್ಲಿ ಇಟ್ಟುಕೊಂಡಳು. ಅವಳ ತಂದೆ ಏನೂ ಹೇಳಲಿಲ್ಲ. ಬಸ್ಸಿನವರೆಗೆ ನನ್ನೊಡನೆ ನಡೆದು ಬಂದ.

ಸಹೋದರ ಸಹೋದರಿಯರೇ, ನಮ್ಮ ಮನೆಗಳಲ್ಲಿ, ಮಕ್ತಬ್‌ಗಳಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳು ಈಮಾನಿನ ಶತ್ರುಗಳಲ್ಲ. ಉತ್ತರ ತಿಳಿದಿದ್ದರೆ ಪ್ರೀತಿಯಿಂದ ಹೇಳೋಣ. ತಿಳಿಯದಿದ್ದರೆ ತಿಳಿಯದೆಂದು ಹೇಳೋಣ. ಅದರಿಂದ ನಮ್ಮ ಗೌರವ ಕುಂದದು. ಮಗುವಿಗೆ ನಮ್ಮ ಮೇಲಿನ ನಂಬಿಕೆ ಹೆಚ್ಚುತ್ತದೆ, ತಿಳಿದವನೊಬ್ಬನಿದ್ದಾನೆಂಬ ಅರಿವೂ ಆ ಮಾತಿನೊಂದಿಗೆ ಅದರ ಹೃದಯಕ್ಕೆ ಇಳಿಯುತ್ತದೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನು ಕರುಣಿಸಲಿ. ಅವರಿಗೆ ಕಲಿಸುವ ನಮಗೆ ವಿನಯವನ್ನು ಕೊಡಲಿ. ನಮ್ಮಿಂದ ಮುರಿದುಹೋದ ಮನಸ್ಸುಗಳನ್ನು ಅವನೇ ಕೂಡಿಸಲಿ. ಆಮೀನ್.